ಗೊಲ್ಲರದಿನ್ನೆ ಕಾಡಿನ ದೆವ್ವದ ಪ್ರಭಾರ ವಹಿಸುವ ಕುರಿತು

(ಕಚೇರಿಯ ಮೊಹರು ಸವೆದುಹೋಗಿರುವುದರಿಂದ ಇಲಾಖೆಯ ಹೆಸರನ್ನು ಓದುವವರೇ ಊಹಿಸಿಕೊಳ್ಳತಕ್ಕದ್ದು.)

ಸುತ್ತೋಲೆ ಸಂಖ್ಯೆ: ಕು.ಕಾ./ದೆ.ಪ್ರ./11/1960–61
ಬಂಗಾರಪೇಟೆ, ದಿನಾಂಕ: 14 ನವೆಂಬರ್ 1960

ವಿಷಯ: ಕಡಿಮೆ ಖರ್ಚಿನ ದೆವ್ವದ ಚಲನಚಿತ್ರಗಳ ಸಿಪಾಯಿಗಳಿಗೆ ದಾರಿ ತಪ್ಪಲು ಇಲಾಖೆಯ ಕಾಡನ್ನು ಒದಗಿಸುವ ಬಗ್ಗೆ, ಹಾಗೂ ಗಾರ್ಡ್ ಶ್ರೀ ಕೋದಂಡಪ್ಪನವರು ಅನುಮತಿಯಿಲ್ಲದೆ ದೆವ್ವವಾಗಿದ್ದ ಬಗ್ಗೆ.

ಉಲ್ಲೇಖ:
(ಅ) ಶ್ರೀ ಕೋದಂಡಪ್ಪನವರ ಲಿಖಿತ ವಿವರಣೆ, ಒಂದೂವರೆ ಸಾಲು.
(ಆ) ಗೊಲ್ಲರದಿನ್ನೆ ಗ್ರಾಮದ ಶ್ರೀಮತಿ ಪಿಳ್ಳಮ್ಮನವರ ಹೇಳಿಕೆ, ಹನ್ನೊಂದು ಪುಟ, ಹೆಬ್ಬೆಟ್ಟು ಸಹಿತ.
(ಇ) ಸದರಿ ಚಲನಚಿತ್ರ, ಹತ್ತು ರೀಲು.

ಮೇಲ್ಕಂಡ ವಿಷಯದಲ್ಲಿ ಸಿಬ್ಬಂದಿಯ ನಡುವೆಯೂ ಬಸ್ಸುಗಳಲ್ಲಿಯೂ ನಾನಾ ಬಗೆಯ ಮಾತುಗಳು ಹಬ್ಬಿರುವುದರಿಂದ, ನಡೆದದ್ದನ್ನು ನಡೆದಂತೆ ದಾಖಲಿಸಿ, ಮುಂದೆ ನಡೆಯತಕ್ಕದ್ದನ್ನು ಗೊತ್ತುಪಡಿಸುವುದು ಅವಶ್ಯವೆಂದು ಮನಗಾಣಲಾಗಿದೆ. ಅದರಂತೆ ಎಲ್ಲರಿಗೂ ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

1. ಗೊಲ್ಲರದಿನ್ನೆ ಕುರುಚಲು ಕಾಡು ಕ್ಯಾಸಂಬಳ್ಳಿಯಿಂದ ಎರಡು ಮೈಲಿ ದೂರದಲ್ಲಿದ್ದು, ಮೂವತ್ತೆಂಟು ಎಕರೆ ವಿಸ್ತೀರ್ಣವುಳ್ಳದ್ದಾಗಿರುತ್ತದೆ. ಮರಗಳು: ಜಾಲಿ, ಕಗ್ಗಲಿ, ಹೊಂಗೆ, ಸೀತಾಫಲ. ಕಾಡುಮೃಗಗಳು: ಮೊಲ. ಇದರ ಕಾವಲಿಗೆ ಶ್ರೀ ಕೋದಂಡಪ್ಪನವರು ಇಪ್ಪತ್ತಾರು ವರ್ಷಗಳಿಂದ ನೇಮಿತರಾಗಿದ್ದು, ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು ಉಳಿದಿರುತ್ತದೆ. ಇವರು ಎತ್ತರದ, ಬಡಕಲಾದ, ಮಾತು ಕಡಿಮೆಯ ಮನುಷ್ಯರು. ಇವರು ನಡೆದರೆ ತರಗೆಲೆಯೂ ಸದ್ದು ಮಾಡುವುದಿಲ್ಲ. ಇದು ಗುಣವೋ ದೋಷವೋ ಎಂಬುದನ್ನು ಇವರ ಸೇವಾ ಪುಸ್ತಕದಲ್ಲಿ ಈವರೆಗೆ ಯಾರೂ ನಮೂದಿಸಿರುವುದಿಲ್ಲ.

2. 1959ರ ಜನವರಿಯಲ್ಲಿ ಬೂದಿಕೋಟೆಯ ಶ್ರೀ ಆದಿನಾರಾಯಣ ಎಂಬುವರು ಅರ್ಜಿ ಸಲ್ಲಿಸಿದರು. ಇವರು ಮದರಾಸಿನ ಸ್ಟುಡಿಯೋಗಳಲ್ಲಿ ಒಂಬತ್ತು ವರ್ಷ ಬೇರೆಯವರ ಮುಖಕ್ಕೆ ದೀಪ ಹಿಡಿದು, ಈಗ ತಮ್ಮದೇ ಒಂದು ಚಿತ್ರ ತೆಗೆಯಲು ಹೊರಟವರು. ಕಥೆಯೇನೆಂದರೆ, ಯಾವುದೋ ಯುದ್ಧದಲ್ಲಿ (ಯಾವುದೆಂದು ಅರ್ಜಿಯಲ್ಲಿ ತಿಳಿಸಿರುವುದಿಲ್ಲ) ಹನ್ನೆರಡು ಮಂದಿ ಸಿಪಾಯಿಗಳು ಘೋರಾರಣ್ಯದಲ್ಲಿ ದಾರಿ ತಪ್ಪುತ್ತಾರೆ. ಸತ್ತುಹೋದ ಸುಬೇದಾರನ ದೆವ್ವ ಅವರ ಬೆನ್ನು ಹತ್ತುತ್ತದೆ. "ಇಂಥಾ ಪಿಚ್ಚರ್‌ಗೆ ಅರಮನೆ ಬ್ಯಾಡ, ಈರೋಯಿನ್ ಬ್ಯಾಡ, ಕುದ್ರೆ ಬ್ಯಾಡ. ನಾಕು ಮರ, ಒಂದು ದೆಯ್ಯ ಇದ್ರೆ ಆಗೋಯ್ತು ಸಾರ್" ಎಂದು ಅವರು ಕಚೇರಿಯಲ್ಲಿ ವಿವರಿಸಿದರು. ಒಂದು ಕಡ್ಡಿಯೂ ಮುರಿಯಬಾರದು, ಗಾರ್ಡ್ ಸದಾ ಸ್ಥಳದಲ್ಲಿರಬೇಕು ಎಂಬ ಷರತ್ತಿನ ಮೇಲೆ ಅನುಮತಿ ನೀಡಲಾಯಿತು. ಇನ್ನು ಮುಂದೆ ಘೋರಾರಣ್ಯ ಕೋರಿ ಬರುವ ಅರ್ಜಿದಾರರಿಗೆ, ಇಲಾಖೆಯ ವಶದಲ್ಲಿ ಕುರುಚಲು ಮಾತ್ರ ಇದ್ದು, ಘೋರವನ್ನು ಅವರೇ ತರಬೇಕೆಂದು ಮುಂಚಿತವಾಗಿ ತಿಳಿಸತಕ್ಕದ್ದು.

3. ಸಿಪಾಯಿಗಳ ಪಾತ್ರಕ್ಕೆ ಆಂಡರ್ಸನ್‌ಪೇಟೆಯ ಶ್ರೀ ಪೆರುಮಾಳ್ ಮತ್ತು ಅವರ ಸಂಗಡಿಗರಾದ ಗಣಿ ಕಾರ್ಮಿಕರು ಗೊತ್ತಾದರು. ಸಮವಸ್ತ್ರ ಆರು ಮಾತ್ರ ಇದ್ದುದರಿಂದ, ಆರು ಮಂದಿ ಮೀಸೆಯೊಂದಿಗೆ ಒಮ್ಮೆ, ಮೀಸೆಯಿಲ್ಲದೆ ಇನ್ನೊಮ್ಮೆ ದಾರಿ ತಪ್ಪಬೇಕಾಯಿತು. ಆದರೆ ನೇರವಾಗಿ ನಡೆದವರು ಎಂಟು ನಿಮಿಷಕ್ಕೆಲ್ಲ ಕಾಡು ಮುಗಿದು, ಪಿಳ್ಳಮ್ಮನವರ ಅವರೆ ಹೊಲಕ್ಕೆ ಹೊರಬೀಳುತ್ತಿದ್ದರು. ಕಾಯಿ ಬಿಡಿಸುತ್ತಿದ್ದ ಆ ಮುದುಕಿ ಪ್ರತಿ ಸಲವೂ ತಲೆಯೆತ್ತಿ, "ಬಸ್ಸಿಗೆ ಆ ಕಡೆ ಓಗ್ರಪ್ಪಾ" ಎಂದು ಕೈ ತೋರಿಸಿದ್ದು ಎರಡು ಕಡೆ ಚಿತ್ರದಲ್ಲಿಯೂ ಉಳಿದಿರುತ್ತದೆ. ಆದುದರಿಂದ ಮೂವತ್ತೆಂಟು ಎಕರೆಯಲ್ಲಿ ದಾರಿ ತಪ್ಪಬಯಸುವ ಸಿಪಾಯಿಗಳು ಸುತ್ತಾಕಾರವಾಗಿಯೇ ತಪ್ಪತಕ್ಕದ್ದು.

4. ರಾತ್ರಿಯ ದೃಶ್ಯಗಳನ್ನು ಕ್ಯಾಮೆರಾದ ಕಣ್ಣಿಗೆ ಕೆಂಪು ಗಾಜು ಹಾಕಿ ಮಟಮಟ ಮಧ್ಯಾಹ್ನವೇ ತೆಗೆಯಲಾಯಿತು. ನಾಲ್ಕನೆಯ ದಿನ ಸಿಪಾಯಿಗಳು ಪ್ರಾಣಭಯದಿಂದ ನಡುಗುತ್ತಾ ಹೊಂಗೆಮರದ ಕೆಳಗೆ ಕುಳಿತಿರುವಾಗ, ಗಣಿಯ ಸೈರನ್ನು ಕೂಗಿತು. ಕೂಡಲೇ ಆರೂ ಮಂದಿ ಬಂದೂಕುಗಳನ್ನು ಕೋದಂಡಪ್ಪನವರ ಕೈಗೆ ಕೊಟ್ಟು ಓಡಿದರು. "ಲೇಟಾದ್ರೆ ಗೇಟೊಳಕ್ಕೆ ಬುಡಲ್ಲ ಸಾರ್! ನಾಳೆ ಬಂದು ಸಾಯ್ತೀವಿ!" ಎಂದು ಪೆರುಮಾಳ್ ಓಡುತ್ತಲೇ ಕೂಗಿ ಹೇಳಿದ್ದು ದಾಖಲಾಗಿದೆ. ಹೇಳಿದಂತೆ ಮರುದಿನ ಬಂದು ಸತ್ತಿರುತ್ತಾರೆ. ಇವರ ಶಿಸ್ತನ್ನು ಇಲಾಖೆಯು ಮೆಚ್ಚುತ್ತದೆ.

5. ದೆವ್ವದ ಪಾತ್ರಕ್ಕೆ ಮದರಾಸಿನಿಂದ ಬಂದಿದ್ದ ನಟರೊಬ್ಬರು, ಅವರೆ ಸುಗ್ಗಿ ಮುಗಿದು ಸುತ್ತಲ ಹೊಲಗಳಲ್ಲಿ ಯಾರೂ ಇಲ್ಲದ ಒಂದು ಬೆಳಿಗ್ಗೆ, ಬಳ್ಳಿಯೆಂದು ಹಸಿರು ಹಾವನ್ನು ಹಿಡಿದರು. ಹಿಡಿದವರು ಬಿಟ್ಟು, ಬಣ್ಣ ಹಚ್ಚಿದ ಮುಖದಲ್ಲಿಯೇ ಕ್ಯಾಸಂಬಳ್ಳಿಯವರೆಗೆ ಓಡಿ ಬಸ್ಸು ಹತ್ತಿದರು. ತುಂಬಿದ ಬಸ್ಸಿನಲ್ಲಿ ಅವರಿಗೆ ಮೂರು ಸೀಟು ಸಿಕ್ಕಿತು. ಬಂಗಾರಪೇಟೆಯಲ್ಲಿ ಮದರಾಸಿನ ರೈಲು ಹತ್ತಿದ್ದನ್ನು ಊರಿಗೆ ಊರೇ ಕಂಡಿರುತ್ತದೆ.

ಕ್ಯಾಮೆರಾ ಹಿಂತಿರುಗಿಸಲು ಎರಡೇ ದಿನ ಉಳಿದಿತ್ತು. ಒಂಬತ್ತು ವರ್ಷದ ಆಸೆ ಕಣ್ಣೆದುರೇ ಕರಗುವುದನ್ನು ಕಂಡ ಆದಿನಾರಾಯಣರು ಕಲ್ಲಿನ ಮೇಲೆ ಕುಳಿತು ಅತ್ತರು. ಕೋದಂಡಪ್ಪನವರು ಏನು ಮಾಡಬೇಕೆಂದು ತೋಚದೆ, ನೀರು ತಂದುಕೊಡಲು ಮರಗಳ ನಡುವೆ ನಡೆದುಹೋದರು. ಆದಿನಾರಾಯಣರು ಅಳುವುದನ್ನು ನಿಲ್ಲಿಸಿ, ಅವರು ಹೋಗುವುದನ್ನೂ ಬರುವುದನ್ನೂ ನೋಡಿದರು.

"ಅಣ್ಣಾ, ನೀನೇನೂ ಮಾಡ್‌ಬ್ಯಾಡ. ದಿನಾ ಎಂಗೆ ಬೀಟ್ ತಿರುಗ್ತೀಯೋ ಅಂಗೇ ನಡಿ, ಅಷ್ಟೇ."

"ನಮ್ ಸಾಯೇಬ್ರಿಗೆ ಗೊತ್ತಾದ್ರೆ ಕೆಲ್ಸ ಓಯ್ತದಪ್ಪಾ."

"ಎಸ್ರೇ ಆಕಲ್ಲ ಅಣ್ಣಾ, ನಮ್ಮೋರ್ಯಾರೂ ಬಾಯಿ ಬುಡಲ್ಲ. ನಮ್ಮವ್ವನಾಣೆ."

ಕೋದಂಡಪ್ಪನವರು ಇಲಾಖೆಯ ಹಳೆಯ ಖಾಕಿ ಕೋಟನ್ನು ಧರಿಸಿದರು. ಅವರ ಪತ್ನಿ ಶ್ರೀಮತಿ ಅಶ್ವತ್ಥಮ್ಮನವರು ಮುಖಕ್ಕೆ ಅಕ್ಕಿ ಹಿಟ್ಟು ಹಚ್ಚಿಕೊಟ್ಟು ಬಾಯಿ ಮುಚ್ಚಿಕೊಂಡರು. ಹಿಟ್ಟಿಗೆ ಇರುವೆಗಳು ಮುತ್ತಿದರೂ ಕೋದಂಡಪ್ಪನವರು ಕೆರೆದುಕೊಳ್ಳಲಿಲ್ಲ. ಇಪ್ಪತ್ತಾರು ವರ್ಷ ಆ ಕಾಡಿನಲ್ಲಿ ನಡೆದಿದ್ದರೂ ತಾನು ನಡೆಯುವುದನ್ನು ಇಷ್ಟು ಜನ ಕಣ್ಣು ಮಿಟುಕಿಸದೆ ನೋಡಿದ್ದು ಅದೇ ಮೊದಲೆಂದೂ, ಮನಸ್ಸಿಗೆ ಒಂದು ಥರಾ ಆಯಿತೆಂದೂ ಅವರು ವಿಚಾರಣೆಯಲ್ಲಿ ತಿಳಿಸಿರುತ್ತಾರೆ.

6. ಸದರಿ ಚಿತ್ರವು ಅದೇ ವರ್ಷ ಬಂಗಾರಪೇಟೆಯ ಟೂರಿಂಗ್ ಟಾಕೀಸಿಗೆ ಬಂದಿತು. ಸಿಪಾಯಿಗಳನ್ನು ಕಂಡು ಜನ ನಕ್ಕರು. ದೆವ್ವವನ್ನು ಕಂಡು ಯಾರೂ ನಗಲಿಲ್ಲ. ದೆವ್ವದ ಪಾತ್ರಧಾರಿ ರೈಲು ಹತ್ತಿ ಓಡಿಹೋದದ್ದು ಎಲ್ಲರಿಗೂ ಗೊತ್ತಿತ್ತು. ಹಾಗಾದರೆ ಪರದೆಯ ಮೇಲೆ ಸದ್ದಿಲ್ಲದೆ ನಡೆದು ಬರುತ್ತಿರುವುದು ಯಾರು? ನಿಜವಾದದ್ದೇ ಬಂದು ಕ್ಯಾಮೆರಾಕ್ಕೆ ಸಿಕ್ಕಿಬಿದ್ದಿದೆ ಎಂದು ಸಾರ್ವಜನಿಕರು ತೀರ್ಮಾನಿಸಿದರು. ಅಂದಿನಿಂದ ಗೊಲ್ಲರದಿನ್ನೆ ಕಾಡಿನಲ್ಲಿ ಮರಗಳ್ಳತನ ಪೂರ್ತಿ ನಿಂತುಹೋಯಿತು. ಮೇಲಧಿಕಾರಿಗಳು ಬಹಳ ಸಂತೋಷಪಟ್ಟು, ದೆವ್ವವು ಇರುವುದು ನಿಜವೆಂದು ದೃಢೀಕರಿಸಿ ಗಾರ್ಡ್ ಅವರು ಸಹಿ ಮಾಡಿ ಕಳುಹಿಸತಕ್ಕದ್ದೆಂದು ನಮೂನೆಯೊಂದನ್ನು ಕಳುಹಿಸಿದರು. ಕೋದಂಡಪ್ಪನವರು ಅದನ್ನು ಮಡಿಸಿ, ಸೂರಿನ ಗಳುವಿನಲ್ಲಿ ಸಿಕ್ಕಿಸಿ, ಹತ್ತು ತಿಂಗಳು ಸುಮ್ಮನಿದ್ದರು. ಸರ್ಕಾರಿ ಕಾಗದಗಳನ್ನು ಸೂರಿಗೆ ಸಿಕ್ಕಿಸುವುದನ್ನು ಈ ಮೂಲಕ ನಿಷೇಧಿಸಲಾಗಿದೆ.

7. ಆದರೆ ಕಳ್ಳರ ಜೊತೆಗೆ, ಒಣಪುಳ್ಳೆ ಆರಿಸುವ ಹೆಂಗಸರೂ ಕಾಡಿಗೆ ಬರುವುದನ್ನು ನಿಲ್ಲಿಸಿದರು. ನಲವತ್ತೊಂದು ಮನೆಗಳ ಒಲೆಗೆ ಆ ಪುಳ್ಳೆಯೇ ಆಧಾರವಾಗಿತ್ತು. ಅವರು ಪುಳ್ಳೆಗಾಗಿ ಆಚೆಯ ಗುಡ್ಡಕ್ಕೆ ಐದು ಮೈಲಿ ನಡೆಯತೊಡಗಿದರು. ಕೋದಂಡಪ್ಪನವರು ತಮ್ಮ ಗುಡಿಸಲ ಬಾಗಿಲಲ್ಲಿ ಕುಳಿತು, ಅವರು ಬೆಳಿಗ್ಗೆ ಹೋಗುವುದನ್ನೂ ಸಂಜೆ ಬಗ್ಗಿದ ಕತ್ತಿನಲ್ಲಿ ಬರುವುದನ್ನೂ ನೋಡುತ್ತಿದ್ದರು. ಅನ್ನ ಸೇರುತ್ತಿರಲಿಲ್ಲವೆಂದು ಅಶ್ವತ್ಥಮ್ಮನವರು ಹೇಳಿಕೆ ನೀಡಿರುತ್ತಾರೆ.

ಕಳೆದ ಸೆಪ್ಟೆಂಬರಿನಲ್ಲಿ ಪಿಳ್ಳಮ್ಮನವರ ಸೊಸೆ ಹೆತ್ತಳು. ಬಾಣಂತಿಗೆ ನೀರು ಕಾಯಿಸಲು ಪುಳ್ಳೆ ಇಲ್ಲದೆ, ಮುದುಕಿ ಧೈರ್ಯ ಮಾಡಿ ನಡುಮಧ್ಯಾಹ್ನ ಒಬ್ಬಳೇ ಕಾಡು ಹೊಕ್ಕಳು. ಮರಗಳ ನಡುವೆ ಎತ್ತರದ ಆಕೃತಿ ಸದ್ದಿಲ್ಲದೆ ಬರುತ್ತಿರುವುದು ಕಾಣಿಸಿತು. ಓಡಿದಳು, ಹಳ್ಳಕ್ಕೆ ಬಿದ್ದಳು, ಕಾಲು ಮುರಿಯಿತು. ಬೀಟಿನಲ್ಲಿದ್ದ ಕೋದಂಡಪ್ಪನವರು ಆಕೆಯನ್ನು ಹೆಗಲ ಮೇಲೆ ಹಾಕಿಕೊಂಡು ಮನೆಯ ಜಗುಲಿಗೆ ತಂದು ಮಲಗಿಸಿ, ಹೊಲದಿಂದ ಆಕೆಯ ಮಗನನ್ನು ಕರೆತರಲು ಓಡಿದರು. ದಾರಿಯುದ್ದಕ್ಕೂ ಪಿಳ್ಳಮ್ಮನವರು ಕಣ್ಣು ಬಿಟ್ಟಿರುವುದಿಲ್ಲ. "ದೆಯ್ಯಾನೇ ಒತ್ಕಂಡ್ ಬಂತು. ಬೀಡಿ ವಾಸ್ನೆ ಬತ್ತಿತ್ತು" ಎಂದು ಆಕೆ ಬಂದವರಿಗೆಲ್ಲ ಹೇಳಿದಳು.

8. ಮಾರನೆಯ ದಿನ ಕೋದಂಡಪ್ಪನವರು ಒಂದು ಹೊರೆ ಪುಳ್ಳೆ ಹೊತ್ತು ಆಕೆಯ ಮನೆಗೆ ಹೋದರು. ಅಲ್ಲಿ ನಡೆದ ಮಾತುಕತೆಯನ್ನು ಸೊಸೆಯ ಹೇಳಿಕೆಯ ಪ್ರಕಾರ ಇಲ್ಲಿ ಯಥಾವತ್ತಾಗಿ ಕೊಡಲಾಗಿದೆ.

"ಪಿಳ್ಳಕ್ಕಾ, ಪಿಚ್ಚರಾಗಿರೋ ದೆಯ್ಯ ನಾನೇ."

"ಓಗ್ಲಾ! ನಿನ್ ಮೂತಿಗೆ ದೆಯ್ಯ ಬ್ಯಾರೆ ಕೇಡು."

"ದೇವ್ರಾಣೆಗೂ ನಾನೇ ಕಣಕ್ಕಾ. ಮಕಕ್ಕೆ ಅಕ್ಕಿಟ್ಟು ಬಳ್ಕೊಂಡಿದ್ದೆ."

"ಎಲ್ಲಿ, ನಡೀ ನೋಡಾನ."

ಕೋದಂಡಪ್ಪನವರು ಕೋಳಿಗೂಡಿನಿಂದ ರುಬ್ಬುಗುಂಡಿನವರೆಗೆ ನಡೆದು ತೋರಿಸಿದರು. ಕೋಳಿಗಳು ಸಹ ತಲೆಯೆತ್ತಲಿಲ್ಲ. ಪಿಳ್ಳಮ್ಮನವರು ಮೊಣಕೈಯೂರಿ ಎದ್ದು ಕುಳಿತರು.

"ಅಯ್ಯೋ ನಿನ್ ಮನೆ ಆಳಾಗ! ನಿನ್ನ ಕಂಡು ನಾನು ಕಾಲು ಮುರ್ಕೊಂಡೆನಾ? ವರ್ಸವೆಲ್ಲಾ ನಮ್ ಎಣ್ಮಕ್ಳು ಗುಡ್ಡ ಅತ್ತಿ ಸತ್ರಲ್ಲೋ! ಮೊದ್ಲೇ ಯಾಕ್ಲಾ ಯೋಳ್ಲಿಲ್ಲ?"

"ಕೆಲ್ಸ ಓಯ್ತದೆ ಅಂತ ಎದ್ರುಕೊಂಡೆ ಅಕ್ಕಾ."

"ಈಗ?"

"ಓದ್ರೆ ಓಗ್ಲಿ."

ಅಂದೇ ಅವರು ಸೂರಿನಿಂದ ನಮೂನೆಯನ್ನು ತೆಗೆದು, "ದೆವ್ವ ಇರುವುದಿಲ್ಲ. ಇದ್ದದ್ದು ನಾನು" ಎಂದು ಬರೆದು, ಸಹಿ ಮಾಡಿ ಕಳುಹಿಸಿದರು. ಸದರಿ ವಿವರಣೆಯು ಇಲಾಖೆಯ ಇತಿಹಾಸದಲ್ಲಿಯೇ ಅತಿ ಚಿಕ್ಕದಾಗಿದ್ದು, ಮುಂದೆ ಯಾರೂ ಇಷ್ಟು ಚಿಕ್ಕದಾಗಿಯೂ ಇಷ್ಟು ನಿಜವಾಗಿಯೂ ಬರೆಯಕೂಡದು.

9. ಅಕ್ಟೋಬರ್ 20ರಂದು ವಿಚಾರಣೆ ನಡೆಯಿತು. ಕೋದಂಡಪ್ಪನವರು ಒಗೆದು ಮಡಿಸಿದ ಸಮವಸ್ತ್ರವನ್ನು ವಾಪಸು ಕೊಡಲು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದರು. ಅವರ ಹಿಂದೆ ಎತ್ತಿನ ಗಾಡಿಯಲ್ಲಿ ಕಾಲು ಚಾಚಿಕೊಂಡು ಪಿಳ್ಳಮ್ಮನವರೂ, ನಡೆದುಕೊಂಡು ಹದಿನೆಂಟು ಮಂದಿ ಹೆಂಗಸರೂ ಬಂದು ಕಚೇರಿಯ ಬಾಗಿಲಲ್ಲಿ ಕುಳಿತರು. "ಇವ್ನು ಮಾಡಿದ್ದು ತಪ್ಪೇ ಸಾಮಿ, ನಾವು ಬೈದಿದ್ದೀವಿ, ನೀವು ಬ್ಯಾರೆ ಬೈಬ್ಯಾಡಿ" ಎಂದು ಪಿಳ್ಳಮ್ಮನವರು ಗಾಡಿಯಿಂದಲೇ ಹೇಳಿದರು. "ದೆಯ್ಯ ಇಲ್ಲ ಅಂತ ನಮ್ಗೆ ಗೊತ್ತಾದ್ರೆ ಸಾಕು. ಮರ ಕಡಿಯೋ ಕಳ್ನನ್ಮಕ್ಳಿಗ್ಯಾಕೆ ಯೋಳ್ಬೇಕು? ಇವ್ನ ಕೆಲ್ಸ ತೆಗುದ್ರೆ ಮಾತ್ರ, ನಾನು ಈ ಗಾಡಿ ಬುಟ್ಟು ಇಳಿಯಾಕಿಲ್ಲ."

ಕಾಲು ಮುರಿದಿದ್ದ ಕಾರಣ ಆಕೆ ಹೇಗೂ ಇಳಿಯುವಂತಿರಲಿಲ್ಲ. ಆದಾಗ್ಯೂ ಇಲಾಖೆಯು ನಿಯಮಗಳನ್ನು ಇನ್ನೊಮ್ಮೆ ಪರಿಶೀಲಿಸಿತು. ನೌಕರನು ಅನುಮತಿಯಿಲ್ಲದೆ ಹೊರಗಿನ ಕೆಲಸ ಮಾಡಕೂಡದೆಂದು ನಿಯಮವಿರುವುದು ನಿಜ. ಆದರೆ ಸದರಿ ನೌಕರರು ದೆವ್ವವಾದದ್ದು ಕಾಡಿನ ಒಳಗೆ. ಆದ್ದರಿಂದ ಅದು ಹೊರಗಿನ ಕೆಲಸವಾಗುವುದಿಲ್ಲ. ಇದನ್ನು ಓದಿ ಹೇಳಿದಾಗ ಕೋದಂಡಪ್ಪನವರು ಸಮವಸ್ತ್ರದ ಗಂಟಿನಲ್ಲಿ ಮುಖ ಒರೆಸಿಕೊಂಡರು.

10. ಮೇಲ್ಕಂಡ ಕಾರಣಗಳಿಂದ ಶ್ರೀ ಕೋದಂಡಪ್ಪನವರು ನಿವೃತ್ತಿಯವರೆಗೆ ತಮ್ಮ ಕರ್ತವ್ಯದ ಜೊತೆಗೆ ಗೊಲ್ಲರದಿನ್ನೆ ಕಾಡಿನ ದೆವ್ವದ ಪ್ರಭಾರವನ್ನೂ ವಹಿಸತಕ್ಕದ್ದೆಂದು ಆದೇಶಿಸಲಾಗಿದೆ. ಪ್ರಭಾರ ದೆವ್ವವು:
(ಅ) ಪುಳ್ಳೆ ಆರಿಸುವ ಹೆಂಗಸರನ್ನು ಕಂಡಲ್ಲಿ ಇಪ್ಪತ್ತು ಮಾರು ದೂರದಿಂದಲೇ ಕೆಮ್ಮತಕ್ಕದ್ದು;
(ಆ) ಕಳ್ಳರನ್ನು ಕಂಡಲ್ಲಿ ಕೆಮ್ಮಕೂಡದು, ನೆಗಡಿಯಿದ್ದಲ್ಲಿ ರಜೆ ಪಡೆಯತಕ್ಕದ್ದು;
(ಇ) ರಜೆಯ ದಿನಗಳಲ್ಲಿ ಬದಲಿ ದೆವ್ವವನ್ನು ಒದಗಿಸಲಾಗುವುದಿಲ್ಲ;
(ಈ) ಯಾರಾದರೂ ಹೆದರಿ ಪ್ರಜ್ಞೆ ತಪ್ಪಿದಲ್ಲಿ ಅವರಿಗೆ ನೀರು ಕುಡಿಸಿ, ಹೆದರಿದ್ದು ಎಷ್ಟು ಗಂಟೆಗೆ ಎಂಬುದನ್ನು ಅವರಿಂದಲೇ ಬರೆಸಿಕೊಳ್ಳತಕ್ಕದ್ದು.

11. ಈ ತಿಂಗಳ ಮೊದಲ ವಾರ ಸದರಿ ಚಿತ್ರವು ಪುನಃ ಬಂಗಾರಪೇಟೆಗೆ ಬಂದಾಗ, ಗೊಲ್ಲರದಿನ್ನೆಯ ಹೆಂಗಸರೆಲ್ಲರೂ ಎರಡು ಗಾಡಿ ಕಟ್ಟಿಸಿಕೊಂಡು, ಕೋದಂಡಪ್ಪನವರನ್ನು ನಡುವೆ ಕೂರಿಸಿಕೊಂಡು, ಮೊದಲನೆಯ ಆಟಕ್ಕೆ ಹೋದರು. ಹಿಂದಿನ ಸಲ ರಜೆ ಮಂಜೂರಾಗದ ಕಾರಣ ಕೋದಂಡಪ್ಪನವರು ತಮ್ಮನ್ನು ತಾವು ಪರದೆಯ ಮೇಲೆ ನೋಡಿರಲಿಲ್ಲ. ದೆವ್ವವು ಮರಗಳ ನಡುವಿನಿಂದ ಹೊರಬರುತ್ತಿದ್ದಂತೆ ಪಿಳ್ಳಮ್ಮನವರು ಕೋಲೂರಿ ಎದ್ದು ನಿಂತು, "ಉಷಾರು ಕಣ್ಲಾ ಕೋದಂಡಾ, ಅಲ್ಲಿ ಜಾಲಿಮುಳ್ಳೈತೆ!" ಎಂದು ಪರದೆಯತ್ತ ಕೂಗಿದರು. ಪಕ್ಕದಲ್ಲಿ ಮರಳಿನ ಮೇಲೆ ಕುಳಿತಿದ್ದ ಕೋದಂಡಪ್ಪನವರು ತಟ್ಟನೆ ಕಾಲು ಮೇಲೆತ್ತಿಕೊಂಡರೆಂದು ವರದಿಯಾಗಿದೆ. ಆಮೇಲೆ ಅವರೂ ನಕ್ಕಿರುತ್ತಾರೆ. ಇದಕ್ಕೆ ಇಲಾಖೆಯ ಆಕ್ಷೇಪಣೆ ಇರುವುದಿಲ್ಲ.

12. ಈ ಸುತ್ತೋಲೆಯು ಅತ್ಯಂತ ಗೋಪ್ಯವಾಗಿದ್ದು, ಎಲ್ಲ ಬಸ್ ನಿಲ್ದಾಣಗಳಲ್ಲಿ ಎದ್ದು ಕಾಣುವಂತೆ ಅಂಟಿಸತಕ್ಕದ್ದು.

ಸಹಿ/-
(ಓದಲಾಗುತ್ತಿಲ್ಲ)
ಮೇಲ್ವಿಚಾರಕರು, ಕುರುಚಲು ಕಾಡುಗಳು
ಬಂಗಾರಪೇಟೆ

ಪ್ರತಿಗಳು:
1. ಶ್ರೀ ಕೋದಂಡಪ್ಪ, ಗಾರ್ಡ್ ಹಾಗೂ ಪ್ರಭಾರ ದೆವ್ವ: ಪಾಲನೆಗಾಗಿ.
2. ಶ್ರೀಮತಿ ಪಿಳ್ಳಮ್ಮ: ಸೊಸೆಯಿಂದ ಓದಿಸಿ ಕೇಳುವುದು.
3. ಶ್ರೀ ಆದಿನಾರಾಯಣ, ಬೂದಿಕೋಟೆ: ಮುಂದಿನ ಚಿತ್ರಕ್ಕೆ ಬೇರೆ ತಾಲ್ಲೂಕು ನೋಡಿಕೊಳ್ಳುವಂತೆ ಕೋರಿಕೆಯೊಂದಿಗೆ.
4. ಶ್ರೀ ಪೆರುಮಾಳ್ ಮತ್ತು ಐವರು, ಆಂಡರ್ಸನ್‌ಪೇಟೆ: ಒಂದು ಪ್ರತಿ, ಸರದಿಯಂತೆ ಓದುವುದು.
5. ಕದ್ದ ಮರ ಕೊಳ್ಳುವ ಸೌದೆ ಡಿಪೋಗಳ ಮಾಲೀಕರು: ಮಾಹಿತಿಗಾಗಿ, ಓದಿದ ಮೇಲೆ ತಿಳಿಯದವರಂತಿರತಕ್ಕದ್ದು.
6. ಸದರಿ ಕಾಡಿನಲ್ಲಿ ಮೊದಲಿನಿಂದಲೂ ವಾಸವಿರಬಹುದಾದ ಅಸಲು ದೆವ್ವ, ಯಾವುದಾದರೂ ಇದ್ದಲ್ಲಿ: ಹತ್ತಿರದ ಮರಕ್ಕೆ ಅಂಟಿಸಿ ಜಾರಿ ಮಾಡುವುದು. ಆಕ್ಷೇಪಣೆಗಳಿದ್ದರೆ ಮೂವತ್ತು ದಿನಗಳೊಳಗೆ ಖುದ್ದಾಗಿ ಹಾಜರಾಗಿ ಸಲ್ಲಿಸತಕ್ಕದ್ದು. ಕಚೇರಿ ವೇಳೆಯಲ್ಲಿ ಮಾತ್ರ.