ಬಸ್ಸಿಲ್ಲದ ರೂಟಿನಲ್ಲಿ ಕಂಡಕ್ಟರ್

ಮೂವತ್ತೊಂದು ವರ್ಷ ಸರ್ವಿಸ್ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತವನು ಕೆಲಸ ಬಿಟ್ಟ ಮೇಲೆ ಕಾಲುದಾರಿ ಹಿಡಿದರೆ, ವಾರಕ್ಕೊಂದು ಏನಾದರೂ ಆಗದೆ ಇರುವುದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ, ಈ ಮೂರು ಊರುಗಳ ನಡುವಿನ ಎಲ್ಲ ಸ್ಟಾಪುಗಳೂ ನನಗೆ ಬಾಯಿಪಾಠ. ಆದರೆ ಸ್ಟಾಪಿನಲ್ಲಿ ಇಳಿದವರು ಆಮೇಲೆ ಯಾವ ದಾರಿಯಲ್ಲಿ ಹೋಗುತ್ತಾರೆ ಎಂದು ನಾನು ಒಮ್ಮೆಯೂ ನೋಡಿದವನಲ್ಲ. ಈಗ ಎರಡು ವರ್ಷದಿಂದ ಅದನ್ನೇ ನೋಡುತ್ತಾ ಇದ್ದೇನೆ.

೧. ಬಸ್ಸು ತಪ್ಪಿದವನು

ಶುರುವಾದದ್ದು ಮೆಲ್ಕಾರಿನ ಡಾಕ್ಟರರಿಂದ. ಸಕ್ಕರೆ ಜಾಸ್ತಿ ಉಂಟು, ದಿನಾ ಒಂದು ಗಂಟೆ ನಡೆಯಬೇಕು ಎಂದರು. ನಾನು ಬಿಡಲಿಲ್ಲ. ದಿನಕ್ಕೆ ಹತ್ತು ಗಂಟೆ ಬಸ್ಸಿನೊಳಗೆ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ನಡೆದವನು ನಾನು, ಒಂದು ಜನ್ಮಕ್ಕೆ ಸಾಕಾಗುವಷ್ಟು ಆಗಿದೆ ಎಂದೆ. ಡಾಕ್ಟರರು ಚೀಟಿಯಿಂದ ತಲೆ ಎತ್ತದೆ, ಅದು ಬಸ್ಸು ಓಡಿದ್ದು, ನೀವಲ್ಲ ಎಂದರು.

ಮರುದಿನ ಬೆಳಿಗ್ಗೆ ಪಾಣೆಮಂಗಳೂರು ಸೇತುವೆಯ ಹತ್ತಿರ ಇಳಿದು ನೇತ್ರಾವತಿಯ ದಡದ ಕಾಲುದಾರಿ ಹಿಡಿದೆ. ಸಮತಟ್ಟಾದ ದಾರಿ. ಒಂದು ಬದಿ ಹೊಳೆ, ಇನ್ನೊಂದು ಬದಿ ತೆಂಗಿನ ಮರಗಳು. ಇಷ್ಟು ವರ್ಷ ಸೇತುವೆಯ ಮೇಲಿನಿಂದ ಬರೇ ಒಂದು ಗೆರೆಯ ಹಾಗೆ ಕಂಡ ಹೊಳೆ ಇಷ್ಟು ಅಗಲ ಉಂಟು ಎಂದು ಆವತ್ತೇ ಗೊತ್ತಾದದ್ದು.

ಸ್ವಲ್ಪ ದೂರದಲ್ಲಿ ಒಬ್ಬ ಹೆಂಗಸು ದನಕ್ಕೆ ಹುಲ್ಲು ಕೊಯ್ಯುತ್ತಿದ್ದರು. ಎಲ್ಲಿಗೆ ಎಂದು ಕೇಳಿದರು. ಎಲ್ಲಿಗೂ ಅಲ್ಲ, ಸುಮ್ಮನೆ ನಡೆಯುತ್ತಾ ಇದ್ದೇನೆ ಎಂದೆ. ನಮ್ಮ ಕಡೆ ಸುಮ್ಮನೆ ನಡೆಯುವವರ ಮೇಲೆ ಜನರಿಗೆ ಒಂದು ಸಂಶಯ. ಅವರು ಕತ್ತಿ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. ಗುರುತು ಹತ್ತಿತು. ಅವರಿಗಾದ ಸಂತೋಷ ಹೇಳಿ ಮುಗಿಯುವುದಿಲ್ಲ.

"ಓ, ಕಂಡಕ್ಟ್ರು. ನಮ್ಮನ್ನು ಎಷ್ಟು ಸಲ ರಸ್ತೆಯಲ್ಲಿ ಬಿಟ್ಟು ಹೋಗಿದ್ದೀರಿ. ಇವತ್ತು ಬಸ್ಸು ನಿಮ್ಮನ್ನೇ ಬಿಟ್ಟು ಹೋಯಿತಾ?"

೨. ಉಸಿರು ಯಾರದ್ದು

ಮೂರು ತಿಂಗಳಲ್ಲಿ ಸಕ್ಕರೆ ಇಳಿಯಿತು, ಜಂಭ ಏರಿತು. ಒಬ್ಬನೇ ನಡೆದರೆ ಜಂಭ ತೋರಿಸುವುದು ಯಾರಿಗೆ? ನಮ್ಮ ಬಸ್ಸಿನ ಡ್ರೈವರಣ್ಣನ ಮನೆಗೆ ಹೋದೆ.

ಅವರಿಗೆ ಆಗ ಹೃದಯಕ್ಕೆ ಸ್ಟೆಂಟ್ ಹಾಕಿ ಒಂದು ವರ್ಷ. ಡಾಕ್ಟರರು ನಡೆಯಿರಿ ಎಂದಿದ್ದರೂ ಹೆಂಡತಿಗೆ ಹೆದರಿಕೆ, ಗೇಟು ದಾಟಲು ಬಿಡುತ್ತಿರಲಿಲ್ಲ. ಅರುವತ್ತು ಜನರನ್ನು ಕೂರಿಸಿಕೊಂಡು ತಿರುವಿನಲ್ಲಿ ಒಂದೇ ಕೈಯಲ್ಲಿ ಬಸ್ಸು ತಿರುಗಿಸುತ್ತಿದ್ದ ಮನುಷ್ಯ, ಜಗಲಿಯ ಕುರ್ಚಿಯಲ್ಲಿ ಕೂತು ಕಾಗೆಗಳನ್ನು ನೋಡುತ್ತಾ ಇದ್ದರು. ನನಗೆ ಬೇಸರ ಆಯಿತು. ಅವರ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುವುದು. ಅಕ್ಕನ ಹತ್ತಿರ ಅರ್ಧ ಗಂಟೆ ಮಾತಾಡಿದೆ. ಕೊನೆಗೆ ಮೂರು ಷರತ್ತಿನ ಮೇಲೆ ಬಿಟ್ಟರು: ಏರು ಹತ್ತುವಂತಿಲ್ಲ, ಬಿಸಿಲಿಗೆ ಹೋಗುವಂತಿಲ್ಲ, ಕಾಲು ಗಂಟೆಗೊಮ್ಮೆ ಫೋನು ಎತ್ತಬೇಕು.

ಮೊದಲ ಭಾನುವಾರ ಎಲ್ಲ ಸರಿ ಇತ್ತು. ಎರಡನೆಯ ಭಾನುವಾರ ಒಂದು ಸಣ್ಣ ಗುಡ್ಡ ಸಿಕ್ಕಿತು. ಗುಡ್ಡ ಎಂದರೆ ಗುಡ್ಡವೂ ಅಲ್ಲ, ದಾರಿ ಸ್ವಲ್ಪ ಮೇಲೆ ನೋಡುತ್ತಿತ್ತು ಅಷ್ಟೆ. ಸರಿಯಾಗಿ ಅರ್ಧದಲ್ಲಿ ಫೋನು ಬಂತು. ಡ್ರೈವರಣ್ಣ ಏದುಸಿರು ಬಿಡುತ್ತಾ, ಸಮತಟ್ಟು ದಾರಿ, ಆರಾಮ ಉಂಟು ಎಂದರು. ಹಾಗಾದರೆ ಆ ಉಸಿರಿನ ಶಬ್ದ ಏನು ಎಂದು ಅಕ್ಕ ಕೇಳಿದರು. ಡ್ರೈವರಣ್ಣ ಒಂದು ಕ್ಷಣವೂ ಯೋಚಿಸಲಿಲ್ಲ.

"ಅದು ನನ್ನದಲ್ಲ, ಪಕ್ಕದಲ್ಲಿ ಕಂಡಕ್ಟ್ರದ್ದು. ಪಾಪ, ಅವರಿಗೆ ಆಗುವುದಿಲ್ಲ."

ಸಂಜೆ ಅಕ್ಕ ನನ್ನ ಮನೆಗೆ ಒಂದು ಚೆಂಬು ಕಷಾಯ ಕಳಿಸಿದರು. ಮಹಾ ಕಹಿ. ಕುಡಿದು ಆಯಿತಾ ಎಂದು ವಿಚಾರಿಸಲು ಫೋನು ಮಾಡಿದವರು ಡ್ರೈವರಣ್ಣ.

೩. ಎರಡು ಬಾಗಿಲು

ಆಮೇಲೆ ಇನ್ನಿಬ್ಬರು ಸೇರಿದರು. ಒಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರು, ಇನ್ನೊಬ್ಬರು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಟೀಚರು. ಮ್ಯಾನೇಜರು ಯಾವುದನ್ನೂ ತಯಾರಿ ಇಲ್ಲದೆ ಮಾಡುವವರಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಉಜಿರೆಯಿಂದ ಆಚೆ ಕಾಡಿನ ಅಂಚಿನಲ್ಲಿ ನಡೆಯುವ ಎಂದು ಹೊರಟಾಗ, ಅವರು ಮಗ ದುಬಾಯಿಯಿಂದ ತಂದ ಬೂಟು ಹಾಕಿದ್ದರು. ಮೊಣಕಾಲಿನವರೆಗೆ ಸಾಕ್ಸು. ನಾವು ಮೂವರು ಹವಾಯಿ ಚಪ್ಪಲಿ. ಕಾಡಿಗೆ ಹೀಗೆ ಬರುವುದಾ, ಜಿಗಣೆ ಬಿಡುತ್ತದಾ ಎಂದು ದಾರಿಯುದ್ದಕ್ಕೂ ನಮಗೆ ಪಾಠ.

ಜಿಗಣೆ ಹತ್ತಿದ್ದು ನಮಗೂ ನಿಜ. ಆದರೆ ನಮಗೆ ಕಾಣುತ್ತಿತ್ತು, ಒಂದು ಕಡ್ಡಿಯಲ್ಲಿ ತಟ್ಟಿದರೆ ಬೀಳುತ್ತಿತ್ತು. ತಿರುಗಿ ಬಂದು ಚಾ ಅಂಗಡಿಯ ಎದುರು ಮ್ಯಾನೇಜರು ಬೂಟು ಬಿಚ್ಚಿದಾಗ ಒಳಗೆ ಒಂದು ಕುಟುಂಬವೇ ಕೂತಿತ್ತು. ಹೊಟ್ಟೆ ತುಂಬಿ ಒಂದಕ್ಕೂ ಏಳಲು ಮನಸ್ಸಿಲ್ಲ. ಇಷ್ಟು ಒಳ್ಳೆಯ ಬೂಟಿಗೆ ಹೀಗೆ ಹೇಗಾಯಿತು ಎಂದು ಅವರು ನನ್ನನ್ನು ಕೇಳಿದರು.

ನನಗೆ ಗೊತ್ತಿರುವ ವಿಷಯವನ್ನು ಹೇಳಿದೆ. ಒಂದೇ ಬಾಗಿಲಿನ ಗಾಡಿಯಲ್ಲಿ ಯಾವಾಗಲೂ ಹೀಗೆಯೇ, ಹತ್ತಿದವರು ಇಳಿಯುವುದಿಲ್ಲ.

೪. ಬೋರ್ಡು

ಬೆಳ್ತಂಗಡಿ ಕಡೆ ಒಂದು ರಬ್ಬರ್ ತೋಟದ ನಡುವೆ ಒಳ್ಳೆಯ ದಾರಿ ಉಂಟು. ಊರಿನವರು ಹಿಂದಿನಿಂದಲೂ ನಡೆಯುವ ದಾರಿ, ನೆರಳೂ ಉಂಟು. ಒಂದು ಭಾನುವಾರ ಹೋಗಿ ನೋಡಿದರೆ ಅಡ್ಡಕ್ಕೆ ಗೇಟು. ಗೇಟಿನ ಮೇಲೆ ಕೆಂಪು ಪೈಂಟಿನಲ್ಲಿ "ಪ್ರವೇಷ ನಿಶೇದಿಸಿದೆ". ಪಕ್ಕದಲ್ಲಿ ದೊಡ್ಡ ಮೀಸೆಯ ಕಾವಲುಗಾರ.

ನಾನು ಮಾತಾಡಿದೆ, ಆಗಲಿಲ್ಲ. ಮ್ಯಾನೇಜರು ಇಂಗ್ಲಿಷಿನಲ್ಲಿ ಮಾತಾಡಿದರು, ಇನ್ನೂ ಆಗಲಿಲ್ಲ. ತಿರುಗಿ ಹೋಗುವ ಎಂದು ಹೊರಟಾಗ ಟೀಚರು ಮಾತ್ರ ಬೋರ್ಡಿನ ಎದುರಿನಿಂದ ಕದಲಲಿಲ್ಲ.

"ಇದನ್ನು ಯಾರು ಬರೆದದ್ದು?" ಎಂದು ಕೇಳಿದರು. ದನಿ ಏರಲಿಲ್ಲ. ಆದರೆ ಆ ಪ್ರಶ್ನೆ ಕೇಳಿ ಗುಡ್ಡೆಯಲ್ಲಿ ಬಸ್ಸು ಓಡಿಸಿದ ಡ್ರೈವರಣ್ಣನೇ ಕೈ ಕಟ್ಟಿ ನಿಂತರು.

ಕಾವಲುಗಾರ ನಾನೇ ಬರೆದದ್ದು ಎಂದ. ಟೀಚರು ಅವನನ್ನು ಹತ್ತಿರ ಕರೆದರು. ಎರಡೇ ಶಬ್ದದಲ್ಲಿ ಮೂರು ತಪ್ಪು ಉಂಟು, ಶ ಎಲ್ಲಿ ಬೇಕೋ ಅಲ್ಲಿ ಇಲ್ಲ, ಬೇಡದಲ್ಲಿ ಉಂಟು, ಒಂದು ಮಹಾಪ್ರಾಣ ಹೋಗಿಯೇ ಬಿಟ್ಟಿದೆ, ಇಲ್ಲಿ ದಿನಾ ಶಾಲೆಯ ಮಕ್ಕಳು ಹೋಗುವುದಿಲ್ಲವಾ, ಅವರು ಇದನ್ನೇ ಸರಿ ಎಂದು ಕಲಿತರೆ ಜವಾಬ್ದಾರಿ ಯಾರದ್ದು ಎಂದು ಕೇಳಿದರು. ಕಾವಲುಗಾರನ ಮೀಸೆ ಕೆಳಗೆ ಬಂತು. ಟೀಚರು ಮಣ್ಣಿನಲ್ಲಿ ಕಡ್ಡಿಯಿಂದ ಸರಿಯಾಗಿ ಬರೆದು ತೋರಿಸಿ, ಅವನಿಂದ ಐದು ಸಲ ಬರೆಸಿದರು. ಐದನೆಯದು ಮುಗಿಸಿ ಅವನೇ ಎದ್ದು ಹೋಗಿ ಗೇಟು ತೆಗೆದ.

ಮುಂದಿನ ವಾರ ಹೋದಾಗ ಬೋರ್ಡಿಗೆ ಹೊಸ ಪೈಂಟು. "ಪ್ರವೇಶ ನಿಷೇಧಿಸಿದೆ" ಎಂದು ದುಂಡು ಅಕ್ಷರದಲ್ಲಿ ಇತ್ತು. ಅದರ ಕೆಳಗೆ, ಒಂದೂ ತಪ್ಪಿಲ್ಲದೆ: "ಟೀಚರ್ ಮತ್ತು ಅವರ ಕಡೆಯವರಿಗೆ ಅನ್ವಯಿಸುವುದಿಲ್ಲ."

೫. ಕಾಲುಸಂಕದ ಮೇಲೆ

ಕಳೆದ ಚಳಿಗಾಲದಲ್ಲಿ ನಮ್ಮ ದೊಡ್ಡ ನಡಿಗೆ. ಬೆಳ್ತಂಗಡಿ ಬದಿಯಿಂದ ಹೊರಟು ಗದ್ದೆ, ಕಾಡು ದಾಟಿ, ಫಲ್ಗುಣಿ ಹೊಳೆಗೆ ಸೇರುವ ಒಂದು ತೋಡಿನ ಮೇಲಿಂದ ಮೂಡಬಿದ್ರೆ ಬದಿಗೆ ಹೋಗುವುದು. ಮೂರು ಗಂಟೆಯ ದಾರಿ. ಡ್ರೈವರಣ್ಣನಿಗೆ ಇದು ಪರೀಕ್ಷೆ ಇದ್ದ ಹಾಗೆ. ಇದನ್ನು ಪೂರ್ತಿ ಮುಗಿಸಿದರೆ ಇನ್ನು ನಿಮ್ಮನ್ನು ನಾನು ಕೇಳುವುದಿಲ್ಲ, ಅರ್ಧದಲ್ಲಿ ತಿರುಗಿದರೆ ಮತ್ತೆ ಜಗಲಿಯೇ ಎಂದು ಅಕ್ಕ ಹೇಳಿದ್ದರು. ಬೆಳಗ್ಗಿನಿಂದ ಡ್ರೈವರಣ್ಣ ಎಲ್ಲರಿಗಿಂತ ಮುಂದೆ ನಡೆಯುತ್ತಾ ಇದ್ದರು.

ತೋಡು ದಾಟಲಿಕ್ಕೆ ಕಬ್ಬಿಣದ ಕಾಲುಸಂಕ. ಉದ್ದ ಎರಡು ಬಸ್ಸಿನಷ್ಟು, ಅಗಲ ಒಬ್ಬರಿಗೆ ಮಾತ್ರ. ನಾವು ಅರ್ಧಕ್ಕೆ ಬರುವಾಗ ಎದುರಿನಿಂದ ಇನ್ನೊಂದು ತಂಡ ಹತ್ತಿತು. ಏಳೆಂಟು ಜನ. ಅವರ ಮುಂದೆ ಬಿಳಿ ಟೊಪ್ಪಿ ಹಾಕಿದ ಒಬ್ಬರು. ಅವರನ್ನು ನೋಡಿದ್ದೇ ಡ್ರೈವರಣ್ಣ ನಿಂತುಬಿಟ್ಟರು. ನನಗೂ ಗುರುತು ಸಿಕ್ಕಿತು. ನಮ್ಮ ಬಸ್ಸಿಗಿಂತ ಐದು ನಿಮಿಷ ಮೊದಲು ಹೊರಡುತ್ತಿದ್ದ ಬಸ್ಸಿನ ಡ್ರೈವರು ಅವರು. ಟೈಮಿನ ಬಗ್ಗೆ ಇಬ್ಬರೂ ಜಗಳ ಮಾಡದ ಬಸ್‌ಸ್ಟ್ಯಾಂಡ್ ಇಲ್ಲ. ಇಪ್ಪತ್ತೆಂಟು ವರ್ಷ ಡ್ರೈವರಣ್ಣ ಅವರ ಹಿಂದೆ ಹಾರ್ನ್ ಹಾಕಿದ್ದಾರೆ, ಅವರು ಒಂದು ದಿನವೂ ಸೈಡ್ ಕೊಟ್ಟವರಲ್ಲ.

"ಹಿಂದೆ ತೆಗೀರಿ" ಎಂದರು ಡ್ರೈವರಣ್ಣ.

"ನೀವು ತೆಗೀರಿ" ಎಂದರು ಟೊಪ್ಪಿಯವರು.

ಇಬ್ಬರೂ ಸರಳು ಹಿಡಿದು ನಿಂತರು. ಇಬ್ಬರಿಗೂ ಅರುವತ್ತೈದು ದಾಟಿದೆ, ನಾಚಿಕೆ ಆಗುವುದಿಲ್ಲವಾ ಎಂದು ಟೀಚರು ಕೇಳಿದರು. ಯಾರಿಗೂ ಆಗಲಿಲ್ಲ. ನಾವೇ ಹಿಂದೆ ಹೋಗುವ ಎಂದು ಮ್ಯಾನೇಜರು ನನ್ನ ಕಿವಿಯಲ್ಲಿ ಹೇಳಿದರು. ನಾನು ಡ್ರೈವರಣ್ಣನ ಕುತ್ತಿಗೆಯಲ್ಲಿ ಇಳಿಯುತ್ತಿದ್ದ ಬೆವರು ನೋಡಿದೆ. ಈಗ ಹಿಂದೆ ತಿರುಗಿದರೆ ಈ ಮನುಷ್ಯ ಸೀದಾ ಜಗಲಿಗೆ ಹೋಗಿ ಕೂರುತ್ತಾರೆ, ಮತ್ತೆ ಏಳುವುದಿಲ್ಲ ಎಂದು ನನಗೆ ಅನಿಸಿತು.

ಏನು ಮಾಡುವುದು ಎಂದು ಯೋಚಿಸಲೂ ಇಲ್ಲ. ಕೈ ತನ್ನಷ್ಟಕ್ಕೆ ಕಬ್ಬಿಣದ ಸರಳಿಗೆ ಬಡಿಯಿತು, ಬಾಯಿ ತನ್ನಷ್ಟಕ್ಕೆ ತೆರೆಯಿತು. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸನ್ನು ಹಿಂದಕ್ಕೆ ತೆಗೆಸುವ ಅದೇ ರಾಗದಲ್ಲಿ ಕೂಗಿದೆ.

"ಬರ್ಲಿ, ಬರ್ಲಿ, ಬರ್ಲಿ. ಸ್ವಲ್ಪ ಎಡಕ್ಕೆ. ಬರ್ಲಿ, ಬರ್ಲಿ."

ಟೊಪ್ಪಿಯವರ ಕಾಲು ಹಿಂದಕ್ಕೆ ಹೋಯಿತು. ಕಣ್ಣು ಇನ್ನೂ ಡ್ರೈವರಣ್ಣನನ್ನು ದುರುಗುಟ್ಟಿ ನೋಡುತ್ತಿತ್ತು, ಕಾಲು ಮಾತ್ರ ನನ್ನ ಮಾತು ಕೇಳುತ್ತಿತ್ತು. ಅವರ ಹಿಂದಿನವರೂ ಒಬ್ಬೊಬ್ಬರಾಗಿ ಹಿಂದಕ್ಕೆ ಸರಿದರು. ಎಡಕ್ಕೆ ಎಂದಾಗ ಇಡೀ ಸಾಲು ಎಡಕ್ಕೆ ವಾಲಿತು. ಸಂಕ ಮುಗಿದು ಮಣ್ಣಿಗೆ ಕಾಲಿಟ್ಟ ಮೇಲೆ "ಹೋಲ್ಡಾನ್" ಎಂದೆ. ನಿಂತರು. ಟೊಪ್ಪಿಯವರ ಎಡಗೈ ಕೆಳಗೆ ಹೋಗಿ ಇಲ್ಲದ ಹ್ಯಾಂಡ್‌ಬ್ರೇಕನ್ನು ಎಳೆಯಿತು. ಎಳೆದ ಮೇಲೆಯೇ ಅವರಿಗೆ ಎಚ್ಚರ ಆದದ್ದು. ಅಷ್ಟರಲ್ಲಿ ಡ್ರೈವರಣ್ಣ ಎದೆ ಉಬ್ಬಿಸಿಕೊಂಡು ಅವರ ಪಕ್ಕದಿಂದ ದಾಟಿ ಆಗಿತ್ತು.

ಮೊದಲು ನಕ್ಕದ್ದು ಟೀಚರು. ಮತ್ತೆ ಎರಡೂ ಕಡೆಯವರು ಹೊಟ್ಟೆ ಹಿಡಿದುಕೊಂಡು ಅಲ್ಲಲ್ಲಿ ಕೂತರು. ಟೊಪ್ಪಿಯವರೇ ನಮ್ಮನ್ನೆಲ್ಲ ಹತ್ತಿರದ ಅಂಗಡಿಗೆ ಚಾಕ್ಕೆ ಕರೆದುಕೊಂಡು ಹೋದರು. ಹಳೆಯ ವೈರಿಗಳಿಬ್ಬರೂ ಒಂದೇ ಬೆಂಚಿನಲ್ಲಿ ಕೂತರು. ಡ್ರೈವರಣ್ಣ ಒಂದು ಗುಟುಕು ಕುಡಿದು, ಅಂಗಡಿಯಲ್ಲಿ ಇದ್ದವರಿಗೆಲ್ಲ ಕೇಳುವ ಹಾಗೆ, ಇಪ್ಪತ್ತೆಂಟು ವರ್ಷದ ಮೇಲೆ ಇವರು ಇವತ್ತು ನನಗೆ ಸೈಡ್ ಕೊಟ್ಟರು ಎಂದರು.

ಟೊಪ್ಪಿಯವರು ನಿಧಾನಕ್ಕೆ ಗ್ಲಾಸು ಕೆಳಗಿಟ್ಟರು.

"ಸೈಡ್ ಕೊಟ್ಟದ್ದಲ್ಲ ಮಾರಾಯ್ರೆ. ಚಾ ಕುಡಿಯಲಿಕ್ಕೆ ಅಂತ ಗಾಡಿ ಪಾರ್ಕ್ ಮಾಡಿದ್ದು."