ಹಳಿ ಬಿಡದ ನಮ್ಮ ಭಾವ

ನಮ್ಮ ಭಾವ ಅಮೆರಿಕಕ್ಕೆ ಬಂದದ್ದು ನೂರು ವರ್ಷ ತಡವಾಗಿ! ಹಾಗೆಂದು ಅವರೇ ಆಗಾಗ ಪೇಚಾಡಿಕೊಳ್ಳುತ್ತಾರೆ. ವೈ-ಟು-ಕೆ ಹೆಸರಿನಲ್ಲಿ ಎಲ್ಲರೂ ವಿಮಾನ ಹತ್ತುತ್ತಿದ್ದ ಕಾಲದಲ್ಲಿ ಅವರೂ ಗದಗಿನಿಂದ ಹೊರಟು ನ್ಯೂಜೆರ್ಸಿಯ ಮೆಟುಚೆನ್ ಸೇರಿದರು. ಮ್ಯಾನ್‌ಹಟನ್ನಿನ ಒಂದು ಬ್ಯಾಂಕಿನಲ್ಲಿ, ಹಳೆಯ ಪ್ರೋಗ್ರಾಮುಗಳಲ್ಲಿ ಎರಡಂಕಿಯಲ್ಲಿದ್ದ ವರ್ಷವನ್ನು ನಾಲ್ಕಂಕಿ ಮಾಡುವ ಕೆಲಸ. ಕೈ ಇಪ್ಪತ್ತೊಂದನೆಯ ಶತಮಾನವನ್ನು ರಿಪೇರಿ ಮಾಡುತ್ತಿತ್ತು. ತಲೆ ಮಾತ್ರ ಹತ್ತೊಂಬತ್ತನೆಯದರಲ್ಲಿ, ಉಗಿಬಂಡಿಯ ಹೊಗೆಯೊಳಗೆ ಅಲೆಯುತ್ತಿತ್ತು. ಅಮೆರಿಕದ ಹಳೆಯ ರೈಲುಗಳೆಂದರೆ ಅವರಿಗೆ ಅಂಥ ಹುಚ್ಚು!

ನಾನು ಎಚ್-ಒನ್ ವೀಸಾ ಹಿಡಿದು ನೆವಾರ್ಕಿನಲ್ಲಿ ಇಳಿದ ದಿನವೇ ಇದರ ರುಚಿ ಸಿಕ್ಕಿತು. ಹೊಟ್ಟೆ ಹಸಿದು, ಕಣ್ಣು ಎಳೆಯುತ್ತಿದ್ದ ನನ್ನನ್ನು ಭಾವ ಮನೆಗೆ ಕರೆದೊಯ್ಯುವ ಬದಲು ನೇರ ಹಡ್ಸನ್ ನದಿಯ ದಂಡೆಗೆ ಒಯ್ದರು. ಅಲ್ಲೊಂದು ಮುಚ್ಚಿಹೋದ ಪುರಾತನ ರೈಲು ನಿಲ್ದಾಣ. ಹಳಿಗಳಿದ್ದಲ್ಲಿ ಹುಲ್ಲು ಬೆಳೆದಿತ್ತು.

"ನೋಡು! ಹಡಗು ಇಳದ ಮಂದಿ ಇಲ್ಲೇ ರೈಲು ಹತ್ತಿ ದೇಶದ ತುಂಬಾ ಹೋದ್ರು. ಅಮೆರಿಕಾ ಅಂದ್ರ ಇದs!"

"ಭಾವ, ಸ್ಟ್ಯಾಚ್ಯೂ ಆಫ್ ಲಿಬರ್ಟಿ ಇಲ್ಲೇ ಎಲ್ಲೋ ಇರಬೇಕಲ್ಲ?"

"ಅಕಾ ಅಲ್ಲಿ, ಬೆನ್ನು ಕಾಣಸ್ತದ. ಇವತ್ತಿಗೆ ಅಷ್ಟು ಸಾಕು. ಆಕಿ ಎಲ್ಲಿ ಹೋಗತಾಳ, ನಿಂತs ಇರತಾಳ!"

ಸ್ವಾತಂತ್ರ್ಯ ದೇವತೆಯ ಬೆನ್ನಿಗೇ ಕೈಮುಗಿದು ಕಾರು ಹತ್ತಿದೆ. ಮುಖ ನೋಡಲು ನನಗೆ ಮುಂದೆ ಎರಡು ವರ್ಷ ಹಿಡಿಯಿತು.

ಅಕ್ಕನ ಮನೆಯ ಬೇಸ್‌ಮೆಂಟಿನಲ್ಲಿ ನನ್ನ ಬಿಡಾರ. ಬಾಡಿಗೆಯಿಲ್ಲ. ಬದಲಿಗೆ ಭಾವನ ಮಾತಿಗೆ ಕಿವಿ ಕೊಡಬೇಕು. ಆಗ ಎಲ್ಲೆಲ್ಲೂ ಡಾಟ್‌ಕಾಮ್ ಸುಗ್ಗಿ. ನಾನು ಸೇರಿದ್ದೂ ಅಂಥದೇ ಒಂದು ಪುಟ್ಟ ಕಂಪನಿ. ಒಂದು ರಾತ್ರಿ ನಾನು ಹೆಮ್ಮೆಯಿಂದ ಕಂಪನಿಯ ಷೇರಿನ ವಿಷಯ ತೆಗೆದರೆ ಭಾವ ಚಪಾತಿ ಮುರಿಯುತ್ತ ನಕ್ಕರು.

"ಆವಾಗ ರೈಲ್ ಕಂಪನಿಗೋಳೂ ಹಿಂಗs ಮಾಡ್ತಿದ್ವು. ಹಳಿ ಹಾಕೂಕಿಂತ ಮೊದಲs ಷೇರು ಮಾರೋದು! ಹೌದು, ನಿಮ್ಮ ಕಂಪನಿ ಏನು ಮಾರ್ತದ?"

"ಹೂವಿನ ಕುಂಡ. ಇಂಟರ್ನೆಟ್ಟಿನಲ್ಲಿ."

"ಎಷ್ಟು ಮಾರೇದ?"

"ಸದ್ಯಕ್ಕೆ ಷೇರು ಮಾತ್ರ ಮಾರಿದೆ ಭಾವ."

ಆ ರಾತ್ರಿ ಊಟದ ಮೇಜಿನಲ್ಲಿ ನಾನು ಮತ್ತೆ ಬಾಯಿ ತೆರೆದದ್ದು ಮಜ್ಜಿಗೆಗೆ ಮಾತ್ರ!

ಇನ್ನು ಸತ್ಯನಾರಾಯಣ ಪೂಜೆಯ ಕಥೆ ಕೇಳಿ. ಭಾನುವಾರ ಮಧ್ಯಾಹ್ನ, ಮನೆ ತುಂಬ ಜನ. ಪುರೋಹಿತರಿಗೆ ಅವಸರ. "ನಾಲ್ಕೂವರೆಗೆ ರಾಹುಕಾಲ, ಬೇಗ ಕೂತ್ಕೊಳ್ಳಿ" ಎಂದರು. ಪಂಚೆ ಉಟ್ಟು ಮಣೆಯ ಮೇಲೆ ಕೂತಿದ್ದ ಭಾವನ ಕಿವಿ ನೆಟ್ಟಗಾಯಿತು.

"ನಾಲ್ಕೂವರಿ ಅಂದ್ರ ಯಾರ ನಾಲ್ಕೂವರಿ ಆಚಾರ್ರs? ಹಿಂದ ಇಲ್ಲಿ ಒಂದೊಂದು ಊರಿಗೂ ಒಂದೊಂದು ಟೈಮ್ ಇತ್ತು. ನೆತ್ತಿ ಮ್ಯಾಲೆ ಸೂರ್ಯ ಬಂದಾಗ ಆ ಊರಿಗೆ ಹನ್ನೆರಡು. ಇದರಿಂದ ರೈಲು ನಡಸೂದು ತಲಿನೋವಾತು. ರೈಲ್ ಕಂಪನಿಗೋಳೆಲ್ಲಾ ಕೂಡಿ ಇಡೀ ದೇಶದ ಗಡಿಯಾರ ತಿರುವಿ ಇಟ್ವು! ರಾಹು ಅದನ್ನ ಒಪ್ಪಿಕೊಂಡಾನೇನು?"

ಪುರೋಹಿತರು ಕಲಶದ ತೆಂಗಿನಕಾಯಿ ಹಿಡಿದು ಕಂಗಾಲಾದರು. "ಸ್ವಾಮಿ, ಆರು ಗಂಟೆಗೆ ಪಕ್ಕದೂರು ಎಡಿಸನ್ನಿನಲ್ಲಿ ನನಗೆ ಗೃಹಪ್ರವೇಶ ಇದೆ."

"ಎಡಿಸನ್ನಿನ ಆರೋ, ಮೆಟುಚೆನ್ನಿನ ಆರೋ?"

ಅಕ್ಕ ಅಡುಗೆಮನೆಯಿಂದ ಒಮ್ಮೆ ಕೆಮ್ಮಿದಳು. ಭಾವನ ರೈಲಿಗೆ ಆ ಕೆಮ್ಮೇ ಕೆಂಪು ಸಿಗ್ನಲ್. ಕಣ್ಣು ಮುಚ್ಚಿ "ಕೇಶವಾಯ ಸ್ವಾಹಾ" ಎಂದರು.

ಭಾವ ತಮ್ಮ ಮಗಳ ಹುಟ್ಟುಹಬ್ಬಕ್ಕೆ ಬಂದ ಮಕ್ಕಳನ್ನಾದರೂ ಬಿಟ್ಟರೇ? ಬೇಸ್‌ಮೆಂಟಿನಲ್ಲಿ ಕುರ್ಚಿಗಳನ್ನು ಸಾಲಾಗಿ ಜೋಡಿಸಿ ಗೂಡ್ಸ್ ಗಾಡಿ ಮಾಡಿದರು. ಹಿಂದಿನ ಕಾಲದಲ್ಲಿ ಬ್ರೇಕ್ ಹಾಕುವ ಆಳುಗಳು ಓಡುವ ಗಾಡಿಯ ನೆತ್ತಿಯ ಮೇಲೆ, ಹಿಮ ಸುರಿದರೂ, ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹಾರುತ್ತ ಬ್ರೇಕಿನ ಚಕ್ರ ತಿರುಗಿಸುತ್ತಿದ್ದರಂತೆ. ಅದನ್ನು ತೋರಿಸಲು ಭಾವ ಸ್ವತಃ ಕುರ್ಚಿಯಿಂದ ಕುರ್ಚಿಗೆ ಹಾರಿದರು. ಮೂರನೆಯ ಡಬ್ಬಿ ಜಾರಿತು. ಭಾವ ಪಿಜ್ಜಾ ಡಬ್ಬಿಗಳ ಮೇಲೆ ಧೊಪ್ಪೆಂದು ಬಿದ್ದರು! ಕಾಲು ಉಳುಕಿ "ಅಯ್ಯಯ್ಯೋ" ಎನ್ನುತ್ತಿದ್ದರೆ ಮಗಳು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಡ್ಯಾಡ್, ವೇರ್ ವಾಸ್ ಯುವರ್ ಬ್ರೇಕ್?"

ಇಂಥ ಮನೆಗೆ ಆ ವರ್ಷ ಮೈಸೂರಿನಿಂದ ಅಮ್ಮ ಬಂದಳು. ಅಪ್ಪ ತೀರಿಕೊಂಡು ಕೆಲವು ತಿಂಗಳಾಗಿತ್ತಷ್ಟೆ. ಮಾತಿನ ಮಲ್ಲಿಯಾಗಿದ್ದ ಅಮ್ಮ ಈಗ ತುಟಿ ಬಿಚ್ಚುತ್ತಿರಲಿಲ್ಲ. ಕಿಟಕಿಯ ಪಕ್ಕದ ಕುರ್ಚಿ ಹಿಡಿದರೆ ಸಂಜೆಯವರೆಗೂ ಅಲ್ಲೇ. ಅಕ್ಕ ದೇವಸ್ಥಾನಕ್ಕೆ ಕರೆದೊಯ್ದಳು. ನಾನು ಮಾಲ್ ತೋರಿಸಿದೆ. ಎಡಿಸನ್ನಿನ ಆಂಟಿಯರು ಬಂದು ಭಜನೆ ಮಾಡಿದರು. ಎಲ್ಲದಕ್ಕೂ ಒಂದೇ ಉತ್ತರ, "ಹ್ಞೂಂ."

ಒಂದು ಶನಿವಾರ ಬೆಳಿಗ್ಗೆ ಭಾವ ಫ್ಲಾಸ್ಕಿಗೆ ಕಾಫಿ ತುಂಬಿಸಿಕೊಂಡು ಅವಳ ಮುಂದೆ ನಿಂತರು. "ಅತ್ತೀ, ಏಳ್ರಿ. ಸ್ಟೇಷನ್ನಿಗೆ ಹೋಗಿ ರೈಲು ನೋಡಿಕೊಂಡು ಬರೋಣು."

ಅಕ್ಕ ನನ್ನತ್ತ ನೋಡಿದಳು. ಪಾಪ, ಮೊದಲೇ ನೊಂದ ಜೀವ, ಅದಕ್ಕೆ ಈ ಶಿಕ್ಷೆ ಬೇರೆಯೇ? ಕಾವಲಿಗೆಂದು ನಾನೂ ಜೊತೆಗೆ ಹೊರಟೆ. ಮೆಟುಚೆನ್ ಪ್ಲಾಟ್‌ಫಾರಂನ ಬೆಂಚಿನ ಮೇಲೆ ಅಮ್ಮನನ್ನು ಕೂರಿಸಿ ಭಾವ ಶುರು ಮಾಡಿಯೇಬಿಟ್ಟರು. ಕಬ್ಬಿಣದ ಹಳಿ ಹೋಗಿ ಉಕ್ಕಿನ ಹಳಿ ಬಂದದ್ದು, ಹಳಿಯ ಹಿಂದೆ ಕಾರ್ಖಾನೆ, ಕಾರ್ಖಾನೆಯ ಹಿಂದೆ ಊರು ಬೆಳೆದದ್ದು... ಅಮ್ಮ ಸ್ವೆಟರಿನೊಳಗೆ ಮುದುಡಿ ಕೂತಿದ್ದಳು. ಮುಂದಿನ ಶನಿವಾರವೂ ಇದೇ. ಅದರ ಮುಂದಿನದೂ ಇದೇ!

ನಾಲ್ಕನೆಯದೋ ಐದನೆಯದೋ ವಾರ, ಭಾವ ಪಶ್ಚಿಮದ ಬೆಟ್ಟಗಳನ್ನು ಕೊರೆದು ಹಳಿ ಹಾಕಿದ ಚೀನೀ ಕೂಲಿಗಳ ಕಥೆ ಹೇಳುತ್ತಿದ್ದರು. ಸಾವಿರಾರು ಜನ, ಸುತ್ತ ಊರಿಲ್ಲ ಕೇರಿಯಿಲ್ಲ, ಆಳೆತ್ತರದ ಹಿಮ. ಇದ್ದಕ್ಕಿದ್ದಂತೆ ಅಮ್ಮ ತಲೆಯೆತ್ತಿದಳು.

"ಅಷ್ಟು ಜನಕ್ಕೆ ಅಡುಗೆ ಮಾಡಿ ಹಾಕ್ತಿದ್ದೋರು ಯಾರು?"

ಜೀವಮಾನದಲ್ಲಿ ಮೊದಲ ಬಾರಿಗೆ, ಕೆಂಪು ಸಿಗ್ನಲ್ ಇಲ್ಲದೆಯೇ ಭಾವನ ಗಾಡಿ ನಿಂತುಹೋಯಿತು!

"ಅದು ನನಗ ಗೊತ್ತಿಲ್ಲರೀ ಅತ್ತೀ. ಮುಂದಿನ ಶನಿವಾರ ತಿಳಕೊಂಡು ಹೇಳ್ತೀನಿ."

ಆ ವಾರವೆಲ್ಲ ಮನೆಯಲ್ಲಿ ಅದೇ ಚರ್ಚೆ. "ಅಷ್ಟು ಜನಕ್ಕೆ ಎಷ್ಟು ದೊಡ್ಡ ಹಂಡೆ ಬೇಕೇ?" ಎಂದು ಅಮ್ಮ ಅಕ್ಕನನ್ನು ಕೇಳಿದಳು. "ಹಿಮದಲ್ಲಿ ಒಲೆ ಹೇಗೆ ಹತ್ತುತ್ತೋ?" ಎಂದು ನನ್ನನ್ನು ಕೇಳಿದಳು. ಹಂಡೆಯ ಅಳತೆ ತೋರಿಸುವ ನೆಪದಲ್ಲಿ ಅಡುಗೆಮನೆಗೂ ಕಾಲಿಟ್ಟಳು. ಶನಿವಾರ ಭಾವ ಹಲ್ಲುಜ್ಜುವ ಹೊತ್ತಿಗೆ ಸ್ವೆಟರು ತೊಟ್ಟು ಬಾಗಿಲಲ್ಲಿ ನಿಂತಿದ್ದಳು.

ಬೆಂಚಿನ ಮೇಲೆ ಕೂತು ಭಾವ ವರದಿ ಒಪ್ಪಿಸಿದರು. "ಅವರು ತಮ್ಮ ಮಂದಿನ್ನs ಅಡಗಿಗೆ ಇಟ್ಟಿದ್ರರೀ. ಅಕ್ಕಿ ಅನ್ನ, ಒಣಗಿಸಿದ ಕಾಯಿಪಲ್ಯ. ಕುಡಿಯಾಕ ಕುದಿಸಿದ ನೀರಿನ ಚಹಾ. ಹೆಗಲ ಮ್ಯಾಲೆ ಹೊತ್ತು ತಂದು ಕೊಡ್ತಿದ್ರು. ತಣ್ಣೀರು ಕುಡಿದ ಬ್ಯಾರೆ ಆಳುಗೋಳು ಹೊಟ್ಟಿ ಕೆಟ್ಟು ಮಲಗಿದ್ರು. ಇವರು ಗಟ್ಟಿ ಉಳಿದ್ರು."

"ಕುದಿಸಿದ ನೀರು!" ಅಮ್ಮ ಥಟ್ಟನೆ ಎಂದಳು. "ನಮ್ಮನೆಯವರೂ ಹಾಗೇ. ಯಾರ ಮನೆಗೆ ಹೋದ್ರೂ ‘ನೀರು ಕುದಿಸಿದ್ದಾ?’ ಅಂತ ಮೊದಲು ಕೇಳೋರು. ನನ್ನ ಮಾನ ಕಳೆಯೋರು!"

ಹೇಳುತ್ತ ಹೇಳುತ್ತ ನಕ್ಕಳು. ನಗುತ್ತಿದ್ದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಪ್ಪ ಹೋದ ಮೇಲೆ ಅವಳು ಅವರ ಮಾತು ಎತ್ತಿದ್ದು ಅದೇ ಮೊದಲು. ಭಾವ ಲೋಟಕ್ಕೆ ಕಾಫಿ ಬಗ್ಗಿಸಿ, ಅವಳು ಕೈಚಾಚುವವರೆಗೂ ಹಿಡಿದುಕೊಂಡು ಕೂತಿದ್ದರು.

ವಾಪಸು ಬರುವಾಗ ಅಮ್ಮ ನಮಗಿಂತ ನಾಲ್ಕು ಹೆಜ್ಜೆ ಮುಂದಿದ್ದಳು. ನಾನು ಮೆಲ್ಲಗೆ ಕೇಳಿದೆ, "ಭಾವ, ನಿಜ ಹೇಳಿ. ಆ ಅಡುಗೆ ವಿಷಯ ನಿಮಗೆ ಮೊದಲು ಗೊತ್ತಿರಲಿಲ್ವಾ?"

ಭಾವ ಖಾಲಿ ಫ್ಲಾಸ್ಕನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು.

"ಗೊತ್ತಿತ್ತಲೇ ತಮ್ಮಾ. ಆದ್ರ ಅವತ್ತs ಹೇಳಿಬಿಟ್ಟಿದ್ರ, ಅತ್ತಿ ಇವತ್ತಿನ ದಾರಿ ಯಾಕ ಕಾಯ್ತಿದ್ರು?"