ತಿಳಿನೀರಿನ ಶರಬತ್ತು

ಶರಬತ್ತಿನ ಅಂಗಡಿಯವನ ನೆಮ್ಮದಿ ಕೆಟ್ಟಿದ್ದು ಬೆಳಗಿನ ಮೊದಲ ಗಿರಾಕಿಯಿಂದ. ಆತ ಬೆಳ್ಳಗೆ ಮಸುಕಾದ ಐಸು ತೇಲುತ್ತಿದ್ದ ಲೋಟವನ್ನು ಬಿಸಿಲಿಗೆ ಹಿಡಿದು, "ಏನ್ರೀ, ಐಸಿಗೂ ಸುಣ್ಣ ಬಳಿದಿದ್ದೀರಾ?" ಎಂದು ನಕ್ಕು ಹೋದ.

ಬೇರೆ ದಿನವಾಗಿದ್ದರೆ ಆ ಮಾತನ್ನು ಅವನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಅಂದು ಸಂಜೆ ಆಸ್ಪತ್ರೆಯ ಡಾಕ್ಟರಮ್ಮನ ಬೀಳ್ಕೊಡುಗೆ. ವರ್ಷಗಳ ಹಿಂದೆ ಜ್ವರದಲ್ಲಿ ಕಣ್ಣು ತೇಲಿಸಿದ್ದ ಅವನ ಮಗಳನ್ನು ಉಳಿಸಿಕೊಟ್ಟ ಕೈ ಅದು. ಅಂದಿನಿಂದ ಕಾಂಪೌಂಡರನ ಕೈಯಲ್ಲಿ ದಿನವೂ ಆಕೆಗೊಂದು ಲೋಟ ನಿಂಬೆ ಶರಬತ್ತು ಕಳಿಸುತ್ತಿದ್ದ. ಎದುರಿಗೆ ಹೋಗಿ ನಿಲ್ಲಲು ಮಾತ್ರ ಸಂಕೋಚ; ಮಗಳ ಜ್ವರದಲ್ಲೂ ಒಳಗೆ ಹೋಗಿದ್ದು ಹೆಂಡತಿಯೇ, ಡಾಕ್ಟರಮ್ಮ ಅವನ ಮುಖ ಕಂಡಿರಲಿಲ್ಲ. ಇವತ್ತು ಎಲ್ಲರಿಗೂ ಅದೇ ಶರಬತ್ತು ಇರಲೆಂದು ಆಕೆಯೇ ಹೇಳಿಕಳಿಸಿದ್ದರು.

ಪಕ್ಕದ ದರ್ಜಿ ಹೊಲಿಗೆ ನಿಲ್ಲಿಸಿ ಬಂದ. "ನಲ್ಲಿ ನೀರಲ್ಲಿ ಸುಣ್ಣ, ಉಪ್ಪು ಎಲ್ಲಾ ಇರುತ್ತೆ ಕಣಯ್ಯ. ಡಾಕ್ಟರಿಗೆ ಅದನ್ನ ಕುಡಿಸ್ತೀಯಾ? ನಮ್ಮ ಭಾವಮೈದ ಶುದ್ಧ ನೀರಿನ ಕ್ಯಾನ್ ಮಾರ್ತಾನೆ, ತರಿಸ್ತೀನಿ ತಾಳು."

ಕ್ಯಾನು ಬಂತು. ಅದರ ನೀರು ಶರಬತ್ತಿನ ಪಾತ್ರೆಗೂ ಫ್ರಿಜ್ಜಿನ ಐಸು ತಟ್ಟೆಗಳಿಗೂ ಹೋಯಿತು. ಮಧ್ಯಾಹ್ನ ಫ್ರಿಜ್ಜಿನ ಬಾಗಿಲು ತೆರೆದರೆ ತಟ್ಟೆಯ ನೀರು ನೀರಾಗಿಯೇ ಇತ್ತು, ಹಟ ಹಿಡಿದ ಅಳಿಯನ ಹಾಗೆ ಒಂದಿಷ್ಟೂ ಜಗ್ಗದೆ.

ಎದುರಿನ ಸಲೂನಿನವನು ಅರ್ಧ ಬೋಳಿಸಿದ ಗಡ್ಡವನ್ನು ಕುರ್ಚಿಯಲ್ಲೇ ಬಿಟ್ಟು ಬಂದು ಇಣುಕಿದ. "ನೀರಲ್ಲಿ ಒಂಚೂರು ಧೂಳು ಗೀಳು ಇದ್ರೆ ಅದನ್ನ ಹಿಡ್ಕೊಂಡು ಐಸು ಕಟ್ಟೋಕೆ ಶುರುವಾಗುತ್ತೆ. ಇದಕ್ಕೆ ಹಿಡ್ಕೊಳೋಕೆ ಏನೂ ಇಲ್ಲ, ಪಾಪ."

"ಮೊದಲೇ ಹೇಳೋಕೇನಾಗಿತ್ತು ನಿನಗೆ?"

"ನೀನು ಕೇಳಿದ್ರೆ ತಾನೆ."

ಶರಬತ್ತಿನವನು ಸಿಟ್ಟಿನಲ್ಲಿ ತಟ್ಟೆಯನ್ನು ಕಟ್ಟೆಯ ಮೇಲೆ ಕುಕ್ಕಿದ. ನೋಡುತ್ತಿದ್ದಂತೆ ನೀರು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಸರನೆ ಹೆಪ್ಪುಗಟ್ಟಿತು. ಕಟ್ಟಲು ಒಂದು ನೆಪ ಕಾಯುತ್ತಿದ್ದ ಕೊರೆಯುವ ನೀರಿಗೆ ಆ ಏಟೇ ಸಾಕಾಗಿತ್ತು. ದರ್ಜಿಯೂ ಸೇರಿ ಮೂವರೂ ಬಾಯಿ ಬಿಟ್ಟುಕೊಂಡು ನಿಂತರು. ಮಿಕ್ಕ ತಟ್ಟೆಗಳಿಗೂ ಅದೇ ಏಟು ಬಿತ್ತು.

ಸಂಜೆ ಆಸ್ಪತ್ರೆಯ ಹಜಾರದಲ್ಲಿ ಡಾಕ್ಟರಮ್ಮ ಒಂದು ಗುಟುಕು ಕುಡಿದು ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. "ಇದು ಆ ಶರಬತ್ತಲ್ಲ," ಎಂದು ಕಾಂಪೌಂಡರನಿಗೆ ಹೇಳಿದ್ದು ಪಾತ್ರೆ ತಂದಿಟ್ಟು ಕಂಬದ ಮರೆಗೆ ಸರಿದಿದ್ದ ಇವನಿಗೂ ಕೇಳಿಸಿತು. "ಅದಕ್ಕೊಂದು ರುಚಿ ಇತ್ತು. ಇದು ಬರೀ ಸಪ್ಪೆ. ಹೋಗ್ಲಿ ಬಿಡಿ."

ಅವನು ಅಂಗಡಿಗೆ ಓಡಿದ. ನಲ್ಲಿ ತಿರುಗಿಸಿ, ಫ್ರಿಜ್ಜಿನ ಮೂಲೆಯಲ್ಲಿ ಉಳಿದಿದ್ದ ಬೆಳಗಿನ ಮಸುಕು ಐಸು ಹಾಕಿ, ನಿಂಬೆಹಣ್ಣು ಹಿಂಡಿದ. ಮರಳಿ ಬಂದಾಗ ಡಾಕ್ಟರಮ್ಮ ಆಗಲೇ ಕಾರಿನಲ್ಲಿ ಕೂತಿದ್ದರು. ಕಿಟಕಿಯಲ್ಲೇ ಲೋಟ ಚಾಚಿದ.

ಆಕೆ ಪೂರ್ತಿ ಕುಡಿದರು. ಕಣ್ಣಂಚು ಒದ್ದೆಯಾಯಿತು. "ಇದೇ ರುಚಿ," ಎಂದರು. ಆಮೇಲೆ ಅವನ ಮುಖ ನೋಡಿ, "ಒಳಗೆ ಶರಬತ್ತು ತಂದಿದ್ದವರು ನೀವೇ ಅಲ್ವಾ? ನಿಮ್ಮದು ನನಗೆ ಸೇರ್ಲಿಲ್ಲ ಅಂತ ದಿನಾ ಕಳಿಸ್ತಿದ್ದವರ ಅಂಗಡಿಗೆ ಹೋಗಿ ತಂದುಕೊಟ್ರಲ್ಲ, ದೊಡ್ಡ ಮನಸ್ಸು ನಿಮ್ದು. ಇಷ್ಟು ವರ್ಷ ಕಳಿಸಿದ ಆ ಪುಣ್ಯಾತ್ಮನ ಮುಖ ಒಂದ್ಸಲ ನೋಡ್ಬೇಕು ಅಂತ ಆಸೆಯಿತ್ತು. ಆಗ್ಲಿಲ್ಲ. ಸಿಕ್ಕಿದ್ರೆ ನಾನು ಕೇಳ್ದೆ ಅಂತ ಹೇಳ್ತೀರಾ?"

ಅವನಲ್ಲಿ ಹೇಳಬೇಕಾದದ್ದು ಬೆಟ್ಟದಷ್ಟಿತ್ತು. ಕಾರು ಆಗಲೇ ಮುಂದೆ ಸರಿಯುತ್ತಿತ್ತು.

"ಹೇಳ್ತೀನಮ್ಮಾ," ಎಂದ.